ಎಡಕ್ಕೆ ಬಂದ ಹಲ್ಲು ಬಲಕ್ಕೆ ಬಂದಿಲ್ಲವೇ?

ಮಕ್ಕಳ ಹಲ್ಲಿನ ವೈದ್ಯೆಯಾಗಿ ಇಪ್ಪತ್ತೆರಡು ವರ್ಷಗಳಿಂದ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು: "ಪಕ್ಕದ ಮನೆಯ ಹುಡುಗನಿಗೆ ಆರಕ್ಕೇ ಎರಡು ಹಲ್ಲು ಬಿದ್ದವು, ಇವನಿಗೆ ಏಳಾದರೂ ಒಂದೂ ಅಲುಗಾಡುತ್ತಿಲ್ಲ. ಏನಾದರೂ ತೊಂದರೆ ಇದೆಯೇ ಡಾಕ್ಟರೇ?" ಬಹುತೇಕ ಏನೂ ಇರುವುದಿಲ್ಲ. ನಿಜಕ್ಕೂ ತೊಂದರೆ ಇರುವ ಮಕ್ಕಳ ತಂದೆತಾಯಿ ಈ ಪ್ರಶ್ನೆ ಕೇಳುವುದೇ ಅಪರೂಪ. ಅವರು ಯಾವುದೋ ಹುಳುಕಿಗೆಂದು ಬಂದಿರುತ್ತಾರೆ. ನಾನು ಎಣಿಸುತ್ತ ಹೋದಾಗ ಒಂದು ಹಲ್ಲು ಲೆಕ್ಕಕ್ಕೆ ಸಿಗುವುದಿಲ್ಲ.

ಪಕ್ಕದ ಮನೆಯ ಬಾಯಿಯನ್ನು ಬಿಟ್ಟುಬಿಡಿ. ನಿಮ್ಮ ಮಗುವಿನ ಬಾಯಿಯ ಎಡಬದಿಯನ್ನು ಬಲಬದಿಯ ಪಕ್ಕದಲ್ಲಿಟ್ಟು ನೋಡಿ. ನಾನು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ಇಷ್ಟೇ.

ಹಲ್ಲು ಮೂಡುವ ವಯಸ್ಸಿನ ಪಟ್ಟಿಯನ್ನು ನಾನೂ ಗೋಡೆಗೆ ಹಾಕಿದ್ದೇನೆ, ಆದರೆ ಬಸ್ಸಿನ ವೇಳಾಪಟ್ಟಿಯನ್ನು ನಂಬುವಷ್ಟೇ ಅದನ್ನು ನಂಬುತ್ತೇನೆ. ಒಂದು ವರ್ಷ ಹಿಂದೆ ಮುಂದೆ ಆಗುವುದು ಮಾಮೂಲು. ಹೆಣ್ಣುಮಕ್ಕಳಿಗೆ ಸ್ವಲ್ಪ ಬೇಗ, ಮೇಲಿನ ದವಡೆಗಿಂತ ಕೆಳಗಿನದರಲ್ಲಿ ಸಾಮಾನ್ಯವಾಗಿ ಬೇಗ. ಅಪ್ಪನಿಗೋ ಅಮ್ಮನಿಗೋ ತಡವಾಗಿ ಬಂದಿದ್ದರೆ ಮಗುವಿಗೂ ತಡವಾಗಬಹುದು. ಎಲ್ಲ ಹಲ್ಲೂ ತಡವಾಗಿ, ಆದರೆ ಸರದಿ ತಪ್ಪದೆ ಬರುತ್ತಿದ್ದರೆ ನಾನು ಸಾಮಾನ್ಯವಾಗಿ ಕಾಯುತ್ತೇನೆ. ನನ್ನ ಕಿವಿ ನೆಟ್ಟಗಾಗುವುದು ಜೋಡಿ ತಪ್ಪಿದಾಗ ಅಥವಾ ಸರದಿ ತಪ್ಪಿದಾಗ. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯಲ್ಲಿ ಅದರ ಜೋಡಿ ಕಾಣದಿದ್ದರೆ ಎಕ್ಸ್‌ರೇ ಬೇಕು. ಮೇಲಿನ ನಡುವಿನ ಬಾಚಿಹಲ್ಲಿಗಿಂತ ಮೊದಲೇ ಅದರ ಪಕ್ಕದ್ದು ಬಂದುಬಿಟ್ಟರೂ ಬೇಕು. ಕೆಳಗಿನ ಮುಂಹಲ್ಲುಗಳು ಬಂದು ವರ್ಷ ಕಳೆದರೂ ಮೇಲಿನವು ಬಾರದಿದ್ದರೂ ಬೇಕು. ಮಗುವಿಗೆ ಆಗ ಎಷ್ಟು ವಯಸ್ಸು ಎಂಬುದು ಆಮೇಲಿನ ಮಾತು.

ನೋಡುವ ಬಗೆ

ಮಗುವನ್ನು ಎದುರು ನಿಲ್ಲಿಸಿ "ಆ" ಅನ್ನಿಸಿದರೆ ಕಾಣುವುದು ನಾಲಿಗೆ ಮಾತ್ರ. ನೀವು ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲೆ ಅಂಗಾತ ಇರಿಸಿಕೊಂಡು, ಹಿಂದಿನಿಂದ ಬಗ್ಗಿ ನೋಡಿ. ಮೊಬೈಲಿನ ಬೆಳಕು ಕಣ್ಣಿಗೆ ಹೊಡೆಯದ ಹಾಗೆ ಗಲ್ಲದ ಕಡೆಯಿಂದ ಹಿಡಿಯಿರಿ. ತೊಳೆದ ತೋರುಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ, ನಡುವಿನಿಂದ ಹಿಂದಕ್ಕೆ ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಿ. ಬಳಿಕ ಇನ್ನೊಂದು ಬದಿ. ಹಾಲುಹಲ್ಲು ಒಟ್ಟು 20, ಅಂದರೆ ಮೇಲೆ ಕೆಳಗೆ, ಎಡ ಬಲ ಸೇರಿ ನಾಲ್ಕು ಮೂಲೆಗೆ ಐದೈದು. ಆರನೆಯದೊಂದು ಕಂಡರೆ ಅದು ಶಾಶ್ವತ ಹಲ್ಲು.

ಬಣ್ಣವೂ ಗುರುತು ಹೇಳುತ್ತದೆ. ಹಾಲುಹಲ್ಲು ಹೆಸರಿಗೆ ತಕ್ಕಂತೆ ಬಿಳಿ, ಪುಟ್ಟದು. ಹೊಸದಾಗಿ ಬಂದ ಶಾಶ್ವತ ಹಲ್ಲು ಅದರ ಪಕ್ಕದಲ್ಲಿ ತುಸು ಹಳದಿಯಾಗಿ ಕಾಣುತ್ತದೆ. ಮುಂಹಲ್ಲಿನ ಅಂಚಿನಲ್ಲಿ ಗರಗಸದಂತೆ ಮೂರು ಸಣ್ಣ ಮೊನೆಗಳಿರುತ್ತವೆ. ಆ ಹಳದಿ ಹಲ್ಲಿನ ಸಹಜ ಬಣ್ಣ. ಸರಿಯಾಗಿ ಉಜ್ಜುತ್ತಿಲ್ಲವೆಂದು ಮಗುವನ್ನು ಬೈಯಬೇಡಿ.

ಇನ್ನೊಂದು ಅಭ್ಯಾಸ ಮಾಡಿಕೊಂಡರೆ ನನ್ನಂಥವರಿಗೆ ದೊಡ್ಡ ಉಪಕಾರ. ಪ್ರತಿ ಹುಟ್ಟುಹಬ್ಬಕ್ಕೆ ಮತ್ತು ಅದಾದ ಆರು ತಿಂಗಳಿಗೆ ಮೂರು ಫೋಟೊ ತೆಗೆದಿಡಿ: ಹಲ್ಲು ಕಚ್ಚಿಕೊಂಡಂತೆ ಎದುರಿನಿಂದ ಒಂದು, ಮೇಲಿನ ಸಾಲಿನದೊಂದು, ಕೆಳಗಿನ ಸಾಲಿನದೊಂದು. "ಈ ಹಲ್ಲು ಯಾವಾಗ ಬಿತ್ತು?" ಎಂದು ನಾನು ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬರು ಪರೀಕ್ಷೆ ಹೊತ್ತಿಗೆ ಎನ್ನುತ್ತಾರೆ, ಇನ್ನೊಬ್ಬರು ಅದಕ್ಕೂ ಒಂದು ವರ್ಷ ಮೊದಲು. ಫೋಟೊದಲ್ಲಿ ತಾರೀಖು ಇರುತ್ತದೆ.

ಆರು ವರ್ಷದ ದವಡೆಹಲ್ಲು

ಮೊದಲ ಶಾಶ್ವತ ದವಡೆಹಲ್ಲು ಸುಮಾರು ಆರನೆಯ ವರ್ಷದಲ್ಲಿ ಬರುತ್ತದೆ, ಅದಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಕೊನೆಯ ಹಾಲುಹಲ್ಲಿನ ಹಿಂದೆ, ಯಾರಿಗೂ ಹೇಳದೆ ಕೇಳದೆ ಬಂದು ಕುಳಿತುಬಿಡುತ್ತದೆ. ಇದೂ ಒಂದು ಹಾಲುಹಲ್ಲು, ಬಿದ್ದುಹೋಗುತ್ತದೆ ಎಂದು ಮನೆಯವರು ಭಾವಿಸುತ್ತಾರೆ. ಪೂರ್ತಿ ಮೇಲೆ ಬರಲು ತಿಂಗಳುಗಳೇ ಬೇಕು; ಅಷ್ಟು ಕಾಲ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲೆ ಹಾರಿಹೋಗುತ್ತದೆ, ಹುಳುಕು ಹಿಡಿಯುತ್ತದೆ. ಬ್ರಷ್ಷನ್ನು ಬಾಯಿಯ ಮೂಲೆಯಿಂದ ಅಡ್ಡಲಾಗಿ ತೂರಿಸಿ ಆ ಒಂದು ಹಲ್ಲನ್ನು ಬೇರೆಯಾಗಿಯೇ ಉಜ್ಜಿ. ಪೂರ್ತಿ ಬಂದ ಮೇಲೆ ಅದರ ಮೇಲಿನ ಸಣ್ಣ ಗೀರುಗಳಿಗೆ ಸೀಲಂಟ್, ಅಂದರೆ ಹುಳುಕು ತಡೆಯುವ ತೆಳು ಲೇಪ, ಹಾಕಿಸಬಹುದು. ಹೊರಬರುವಾಗಲೇ ಅದರ ಮೇಲೆ ಹಳದಿ ಅಥವಾ ಕಂದು ಮಚ್ಚೆಗಳಿದ್ದು, ತಣ್ಣೀರು ಸೋಕಿದರೆ ಮಗು ಮುಖ ಹಿಂಡುತ್ತಿದ್ದರೆ ತಡಮಾಡಬೇಡಿ. ಅಂಥ ಹಲ್ಲಿನ ಹೊರಪದರವಾದ ಎನಾಮಲ್ ಮೆತ್ತಗಿರುತ್ತದೆ, ಬೇಗ ಉದುರುತ್ತದೆ.

ಕೆಲವೊಮ್ಮೆ ಈ ಹಲ್ಲು ಮುಂದಕ್ಕೆ ವಾಲಿ, ತನ್ನ ಮುಂದಿರುವ ಹಾಲುಹಲ್ಲಿನ ಬೆನ್ನಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂಭಾಗ ಮಾತ್ರ ವಸಡಿನಿಂದ ಹೊರಗೆ, ಮುಂಭಾಗ ಒಳಗೇ. ಅನೇಕ ಮಕ್ಕಳಲ್ಲಿ ಅದು ತಾನೇ ಜಾರಿ ಬಿಡಿಸಿಕೊಳ್ಳುತ್ತದೆ. ಕೆಲವು ತಿಂಗಳಾದರೂ ಹಾಗೇ ಇದ್ದರೆ ನಡುವೆ ಒಂದು ರಬ್ಬರ್ ಉಂಗುರವನ್ನೋ ಸಣ್ಣ ತಂತಿಯನ್ನೋ ತೂರಿಸಿ ಬಿಡಿಸುತ್ತೇವೆ. ಹಾಗೇ ಬಿಟ್ಟರೆ ಹಾಲುಹಲ್ಲಿನ ಬೇರು ಕರಗುತ್ತದೆ.

ಎರಡು ಸಾಲು, ನೀಲಿ ಗುಳ್ಳೆ, ನಡುವಿನ ಸಂದಿ

ಈ ಮೂರಕ್ಕೂ ಫೋನು ಬರುವುದು ರಾತ್ರಿ ಹೊತ್ತು, ಮೂರರಲ್ಲೂ ಹೆದರುವಂಥದ್ದು ಕಡಿಮೆ.

ಕೆಳಗಿನ ಹೊಸ ಬಾಚಿಹಲ್ಲುಗಳು ಹಾಲುಹಲ್ಲಿನ ಹಿಂದೆ, ನಾಲಿಗೆಯ ಕಡೆಗೆ ಎರಡನೆಯ ಸಾಲಿನಂತೆ ಮೂಡುವುದು ತುಂಬ ಸಾಮಾನ್ಯ. ಹಾಲುಹಲ್ಲನ್ನು ಬೆರಳಿನಿಂದ ಅಲುಗಿಸಿ ನೋಡಿ. ಅಲುಗಾಡುತ್ತಿದ್ದರೆ ಮಗುವೇ ನಾಲಿಗೆಯಿಂದ ದೂಡಿ ದೂಡಿ ಬೀಳಿಸಿಕೊಳ್ಳುತ್ತದೆ. ಆಮೇಲೆ ಹಿಂದಿನ ಹಲ್ಲನ್ನು ಅದೇ ನಾಲಿಗೆ ಮುಂದಕ್ಕೆ ತಳ್ಳುತ್ತದೆ, ಜಾಗವಿದ್ದರೆ ಸಾಲಿಗೆ ಸೇರುತ್ತದೆ. ಎರಡು ಮೂರು ತಿಂಗಳಾದರೂ ಹಾಲುಹಲ್ಲು ಕಲ್ಲಿನಂತೆ ಗಟ್ಟಿಯಾಗಿದ್ದರೆ ನಮ್ಮ ಬಳಿಗೆ ಬನ್ನಿ. ಗಟ್ಟಿ ಹಲ್ಲಿಗೆ ದಾರ ಕಟ್ಟಿ ಎಳೆಯುವ ಸಾಹಸ ಬೇಡ, ಬೇರು ಮುರಿದು ಒಳಗೆ ಉಳಿಯುತ್ತದೆ.

ಹಲ್ಲು ಬರಬೇಕಾದ ಜಾಗದಲ್ಲಿ ವಸಡು ನೀಲಿಗಟ್ಟಿ ಗುಳ್ಳೆಯಂತೆ ಉಬ್ಬಿದರೆ, ಹಲ್ಲಿನ ಸುತ್ತ ನೀರೋ ರಕ್ತವೋ ತುಂಬಿಕೊಂಡಿದೆ ಎಂದರ್ಥ. ಸಾಮಾನ್ಯವಾಗಿ ಹಲ್ಲು ಬರುವಾಗ ತಾನೇ ಒಡೆಯುತ್ತದೆ. ಚುಚ್ಚಬೇಡಿ. ಜ್ವರ ಬಂದರೆ ಬೇರೆ ಕಾರಣ ಹುಡುಕಿ. ಹಲ್ಲು ಬರುವುದರಿಂದ ಏಳು ವರ್ಷದ ಮಗುವಿಗೆ ಮೈ ಸುಡುವುದಿಲ್ಲ.

ಎಂಟು ಒಂಬತ್ತರ ಹೊತ್ತಿಗೆ ಮೇಲಿನ ಎರಡು ಮುಂಹಲ್ಲುಗಳ ನಡುವೆ ಸಂದಿ ಬಿದ್ದು, ಹಲ್ಲುಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಮೇಲಿನಿಂದ ಇಳಿಯುತ್ತಿರುವ ಕೋರೆಹಲ್ಲು ಪಕ್ಕದ ಬೇರುಗಳನ್ನು ಒತ್ತುವುದರಿಂದ ಹಾಗಾಗುತ್ತದೆ. ಕೋರೆಹಲ್ಲು ಬಂದ ಮೇಲೆ ಸಣ್ಣ ಸಂದಿ ಬಹುತೇಕ ಮುಚ್ಚುತ್ತದೆ. ಈ ವಯಸ್ಸಿನಲ್ಲಿ ಅವಸರದಿಂದ ಕ್ಲಿಪ್ ಹಾಕಿಸಿ ಮುಚ್ಚಲು ಹೋದರೆ ಆ ಬೇರುಗಳನ್ನು ಕೋರೆಹಲ್ಲಿನ ದಾರಿಗೇ ನೂಕಿದಂತಾಗಬಹುದು.

ಬಾರದ ಮುಂಹಲ್ಲು

ಮೊನ್ನೆ ಎಂಟೂವರೆ ವರ್ಷದ ಹುಡುಗನೊಬ್ಬ ಬಂದಿದ್ದ. ಮೇಲಿನ ಎಡ ನಡುಹಲ್ಲು ಬಂದಿತ್ತು, ಅದರ ಪಕ್ಕದ್ದೂ ಇಣುಕುತ್ತಿತ್ತು, ಬಲಗಡೆ ಮಾತ್ರ ಬೋಳು ವಸಡು. "ಅಜ್ಜಿ ಹೇಳಿದ್ದಾರೆ, ನಿಧಾನವಾಗಿ ಬಂದ ಹಲ್ಲು ಗಟ್ಟಿ ಅಂತ" ಎಂದ, ಬಹಳ ನಂಬಿಕೆಯಿಂದ. ಎಕ್ಸ್‌ರೇಯಲ್ಲಿ ಹಲ್ಲು ಇತ್ತು; ಅದರ ದಾರಿಗೆ ಅಡ್ಡವಾಗಿ ಮೊಳೆಯಂಥ ಮೊನಚು ತುದಿಯ ಇನ್ನೊಂದು ಪುಟ್ಟ ಹಲ್ಲೂ ಇತ್ತು. ಲೆಕ್ಕಕ್ಕಿಂತ ಹೆಚ್ಚಾಗಿ ಹುಟ್ಟುವ ಇಂಥ ಹಲ್ಲು ಮೇಲಿನ ದವಡೆಯ ನಡುವಿನಲ್ಲೇ ಹೆಚ್ಚು. ಅದನ್ನು ತೆಗೆದು, ಜಾಗ ಕಾಯ್ದುಕೊಂಡರೆ, ಈ ವಯಸ್ಸಿನಲ್ಲಿ ಸಿಕ್ಕಿಬಿದ್ದ ಹಲ್ಲು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಹನ್ನೆರಡಕ್ಕೆ ಬಂದರೆ ಎಳೆದು ತರಬೇಕಾಗುವ ಸಾಧ್ಯತೆ ಹೆಚ್ಚು.

ಇನ್ನೊಂದು ಕಾರಣ ಮನೆಯವರಿಗೆ ನೆನಪೇ ಇರುವುದಿಲ್ಲ: ಮಗು ಎರಡು ಮೂರು ವರ್ಷದ್ದಾಗಿದ್ದಾಗ ಬಿದ್ದು ಹಾಲುಹಲ್ಲಿಗೆ ಪೆಟ್ಟು ಮಾಡಿಕೊಂಡದ್ದು. ಹಾಲುಹಲ್ಲಿನ ಬೇರಿನ ಹಿಂದೆಯೇ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಹಾಲುಹಲ್ಲು ವಸಡಿನೊಳಗೆ ಹೊಕ್ಕುವಂಥ ಪೆಟ್ಟಾದರೆ ಆ ಮೊಗ್ಗಿಗೂ ತಾಗುತ್ತದೆ. ಬಿಳಿ ಅಥವಾ ಕಂದು ಕಲೆ ಉಳಿಯಬಹುದು, ಹಲ್ಲು ಸೊಟ್ಟಗೆ ಬಾಗಿ ಒಳಗೇ ಸಿಕ್ಕಿಕೊಳ್ಳಬಹುದು. ಅಂಥ ಪೆಟ್ಟು ಬಿದ್ದಿದ್ದರೆ ತಾರೀಖಿನ ಸಮೇತ ಬರೆದಿಡಿ. ಐದು ವರ್ಷದ ಬಳಿಕ ನನಗೆ ಅದು ಎಕ್ಸ್‌ರೇಯಷ್ಟೇ ಬೆಲೆಬಾಳುತ್ತದೆ.

"ಹಾಲುಹಲ್ಲು ತಾನೇ"

ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಿಂದಿನ ಹಾಲು ದವಡೆಹಲ್ಲುಗಳು ಹತ್ತರಿಂದ ಹನ್ನೆರಡರವರೆಗೂ ಇರಬೇಕಾದವು. ಐದು ವರ್ಷಕ್ಕೇ ಹುಳುಕಿನಿಂದ ಅದನ್ನು ಕೀಳಿಸಿದರೆ ಹಿಂದಿನ ಆರರ ದವಡೆಹಲ್ಲು ಖಾಲಿ ಜಾಗಕ್ಕೆ ಜಾರಿ ಬರುತ್ತದೆ. ಐದಾರು ವರ್ಷಗಳ ನಂತರ ಕೆಳಗಿನಿಂದ ಬರುವ ಹಲ್ಲಿಗೆ ಬಾಗಿಲು ಮುಚ್ಚಿರುತ್ತದೆ; ಅದು ಒಳಗೇ ಉಳಿಯುತ್ತದೆ ಅಥವಾ ನಾಲಿಗೆಯ ಕಡೆಯೋ ಕೆನ್ನೆಯ ಕಡೆಯೋ ತಲೆ ಹಾಕುತ್ತದೆ. ಕೀಳಿಸಲೇಬೇಕಾದರೆ ಅದೇ ದಿನ ಕೇಳಿ: ಜಾಗ ಹಿಡಿದಿಡುವ ತಂತಿ ಬೇಕೇ? ಪಕ್ಕದ ಹಲ್ಲಿಗೆ ಉಂಗುರ ತೊಡಿಸಿ ಅದರಿಂದ ಒಂದು ಕುಣಿಕೆ ಚಾಚಿಸುವ ಪುಟ್ಟ ಸಾಧನವದು. ಹಾಕಿಸಿ ಮರೆಯುವಂತಿಲ್ಲ, ಸಡಿಲವಾಗಿದೆಯೇ ಎಂದು ನೋಡಿಸುತ್ತಿರಬೇಕು, ಹೊಸ ಹಲ್ಲು ಇಣುಕಿದಾಗ ತೆಗೆಸಬೇಕು.

ಇದಕ್ಕೆ ತದ್ವಿರುದ್ಧ ತೊಂದರೆಯೂ ಇದೆ. ಒಂದು ಹಾಲು ದವಡೆಹಲ್ಲು ಮೂಳೆಗೇ ಅಂಟಿಕೊಂಡು ನಿಂತಲ್ಲೇ ನಿಂತುಬಿಡುತ್ತದೆ, ಅಕ್ಕಪಕ್ಕದವು ಬೆಳೆಯುತ್ತ ಮೇಲೇರುತ್ತವೆ. ನೋಡಿದರೆ ಅದೊಂದೇ ಕುಸಿದಂತೆ ಕಾಣುತ್ತದೆ. ಕೆಳಗೆ ಶಾಶ್ವತ ಹಲ್ಲು ಇದ್ದರೆ ಎಷ್ಟೋ ಸಲ ತಡವಾಗಿಯಾದರೂ ಬೀಳುತ್ತದೆ. ಕೆಳಗೆ ಹಲ್ಲೇ ಇಲ್ಲದಿದ್ದರೆ ಲೆಕ್ಕ ಬೇರೆ. ಹುಟ್ಟಿನಿಂದಲೇ ಇಲ್ಲದಿರುವ ಹಲ್ಲುಗಳಲ್ಲಿ, ಬುದ್ಧಿಹಲ್ಲನ್ನು ಬಿಟ್ಟರೆ, ನಡುವಿನಿಂದ ಎಣಿಸಿದರೆ ಕೆಳಗಿನ ಐದನೆಯದು ಮತ್ತು ಮೇಲಿನ ಎರಡನೆಯದು ಮುಂದಿನ ಸಾಲಿನಲ್ಲಿವೆ. ಹಾಗಾಗಿ ಹನ್ನೆರಡು ದಾಟಿದರೂ ಗಟ್ಟಿಯಾಗಿರುವ ಹಾಲುಹಲ್ಲನ್ನು ಎಕ್ಸ್‌ರೇ ಇಲ್ಲದೆ ಯಾರೂ ಕೀಳಬಾರದು. ಕೆಳಗೆ ಏನೂ ಇಲ್ಲವೆಂದಾದರೆ ಅದೇ ಹಾಲುಹಲ್ಲು ಚೆನ್ನಾಗಿದ್ದು ಇನ್ನೂ ಹಲವು ವರ್ಷ ಸೇವೆ ಮಾಡಬಹುದು.

ಕೋರೆಹಲ್ಲು, ಮತ್ತು ನನ್ನ ಮಗಳು

ಮೇಲಿನ ಕೋರೆಹಲ್ಲು ಮೂಗಿನ ಪಕ್ಕದಲ್ಲಿ, ಬಹಳ ಎತ್ತರದಲ್ಲಿ ರೂಪುಗೊಂಡು, ಪಕ್ಕದ ಬಾಚಿಹಲ್ಲಿನ ಬೇರನ್ನೇ ಜಾರುಬಂಡಿ ಮಾಡಿಕೊಂಡು ಹನ್ನೊಂದು ಹನ್ನೆರಡರ ಹೊತ್ತಿಗೆ ಕೆಳಗಿಳಿಯುತ್ತದೆ. ದೂರದ ಪ್ರಯಾಣ, ದಾರಿ ತಪ್ಪುವುದೂ ಹೆಚ್ಚು. ಬುದ್ಧಿಹಲ್ಲಿನ ನಂತರ ಒಳಗೆ ಸಿಕ್ಕಿಬೀಳುವುದರಲ್ಲಿ ಇದಕ್ಕೇ ಎರಡನೆಯ ಸ್ಥಾನ; ನೂರರಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ನೋವಿರುವುದಿಲ್ಲ, ಬಾವು ಇರುವುದಿಲ್ಲ. ಹಾಲು ಕೋರೆಹಲ್ಲು ತನ್ನ ಪಾಡಿಗೆ ಅಲ್ಲೇ ಇರುವುದರಿಂದ ಸಾಲಿನಲ್ಲಿ ಖಾಲಿಯೂ ಕಾಣುವುದಿಲ್ಲ.

ಪರೀಕ್ಷೆ ಬೆರಳಿನದು. ಮಗುವಿಗೆ ಒಂಬತ್ತು, ಹತ್ತು ಆದಾಗ ಮೇಲ್ತುಟಿಯನ್ನು ಎತ್ತಿ, ಹಾಲು ಕೋರೆಹಲ್ಲಿನ ಮೇಲ್ಗಡೆ ವಸಡು ಕೆನ್ನೆಗೆ ಸೇರುವ ಮಡಿಕೆಯಲ್ಲಿ ತೋರುಬೆರಳಿನ ತುದಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ಕಾಳಿನಂಥ ಗಟ್ಟಿ ಉಬ್ಬೊಂದು ಬೆರಳಿಗೆ ಸಿಗಬೇಕು. ಎರಡೂ ಕಡೆ ಸಿಕ್ಕರೆ ನಿಶ್ಚಿಂತೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು ಎಂದಾದರೆ, ಅಥವಾ ಹತ್ತು ದಾಟಿ ಹನ್ನೊಂದಕ್ಕೆ ಬಂದರೂ ಎರಡೂ ಕಡೆ ಸಿಗದಿದ್ದರೆ ದಂತವೈದ್ಯರಿಗೆ ತೋರಿಸಿ. ಅಂಗುಳಿನ ಕಡೆಯಿಂದಲೂ ಒಮ್ಮೆ ಮುಟ್ಟಿ ನೋಡಿ, ಉಬ್ಬು ಅಲ್ಲಿ ಸಿಕ್ಕರೆ ಹಲ್ಲು ತಪ್ಪು ದಾರಿಯಲ್ಲಿದೆ.

ಇದನ್ನು ನಾನು ಸಾವಿರಾರು ತಾಯಂದಿರಿಗೆ ಹೇಳಿಕೊಟ್ಟಿದ್ದೇನೆ. ನನ್ನ ಮಗಳ ತುಟಿಯನ್ನು ಎತ್ತಿ ನೋಡಿರಲಿಲ್ಲ. ಅವಳಿಗೆ ಹನ್ನೆರಡು ತುಂಬಿ ನಾಲ್ಕು ತಿಂಗಳಾದಾಗ, ಗೆಳತಿಯರ ಜೊತೆ ನಗುತ್ತಿರುವ ಅವಳ ಫೋಟೊ ಒಂದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಬಲಗಡೆ ದೊಡ್ಡ ಕೋರೆಹಲ್ಲು. ಎಡಗಡೆ ಪುಟ್ಟ, ಬೆಳ್ಳಗಿನ ಹಾಲು ಕೋರೆಹಲ್ಲು. ಊಟವನ್ನು ಹಾಗೇ ಬಿಟ್ಟು ಎದ್ದುಹೋಗಿ ಕೈ ತೊಳೆದು ಅವಳ ಬಾಯಿಗೆ ಬೆರಳು ಹಾಕಿದೆ. ಹೊರಗಡೆ ಸಪಾಟು, ಅಂಗುಳಿನಲ್ಲಿ ಉಬ್ಬು. ಸ್ಕ್ಯಾನಿನಲ್ಲಿ ಕೋರೆಹಲ್ಲು ಅಡ್ಡ ಮಲಗಿತ್ತು, ಅದು ಒರಗಿಕೊಂಡಿದ್ದ ಪಕ್ಕದ ಹಲ್ಲಿನ ಬೇರಿನ ತುದಿ ಸ್ವಲ್ಪ ಕರಗಿತ್ತು. ಸಿಕ್ಕಿಬಿದ್ದ ಕೋರೆಹಲ್ಲಿನ ನಿಜವಾದ ಅಪಾಯ ಇದೇ. ತಾನು ಬಾರದೆ ಉಳಿಯುವುದಲ್ಲದೆ ನೆರೆಯ ಹಲ್ಲನ್ನೂ ತಿನ್ನುತ್ತದೆ.

ಹತ್ತು ಹನ್ನೊಂದರಲ್ಲಿ ಸಿಕ್ಕಿದ್ದರೆ ಹಾಲು ಕೋರೆಹಲ್ಲನ್ನು ತೆಗೆದು ಒಂದು ವರ್ಷ ಕಾಯಬಹುದಿತ್ತು. ಸಾಲಿನಲ್ಲಿ ಜಾಗವಿದ್ದು, ಹಲ್ಲು ತುಂಬ ಅಡ್ಡ ಬಿದ್ದಿರದಿದ್ದರೆ ಅಷ್ಟರಿಂದಲೇ ಬಹಳ ಮಕ್ಕಳಲ್ಲಿ ದಾರಿ ಸರಿಹೋಗುತ್ತದೆ. ನಮಗೆ ಆ ಗಾಡಿ ತಪ್ಪಿತ್ತು. ಸಹೋದ್ಯೋಗಿಯೊಬ್ಬರು ಅಂಗುಳಿನ ವಸಡನ್ನು ತೆರೆದು, ಹಲ್ಲಿಗೆ ತೆಳ್ಳನೆಯ ಸರಪಳಿಯೊಂದನ್ನು ಅಂಟಿಸಿದರು. ಕ್ಲಿಪ್ಪಿಗೆ ಅದನ್ನು ಕಟ್ಟಿ, ಹದಿನಾರು ತಿಂಗಳು ಎಳೆದು ಎಳೆದು ಸಾಲಿಗೆ ತಂದೆವು. ಸರಪಳಿಯ ತುದಿ ನಾಲಿಗೆಗೆ ತಾಗುತ್ತಿತ್ತು. ಗಣಿತದ ಲೆಕ್ಕ ಮಾಡುವಾಗೆಲ್ಲ ಅವಳು ಅದನ್ನು ನಾಲಿಗೆಯಿಂದ ತಿರುವುತ್ತಿದ್ದಳು, ಟಿಕ್ ಟಿಕ್ ಎಂದು ಸದ್ದು ಕೇಳುತ್ತಿತ್ತು. ಈಗಲೂ ಅವಳು ನಗುವಾಗ ನಾನು ಮೊದಲು ನೋಡುವುದು ಎಡಗಡೆಯನ್ನೇ.

ಹದಿಹರೆಯದಲ್ಲಿ

ಎರಡನೆಯ ಶಾಶ್ವತ ದವಡೆಹಲ್ಲು ಹನ್ನೆರಡರ ಆಸುಪಾಸಿನಲ್ಲಿ ಬರಬೇಕು. ಹದಿನಾಲ್ಕಾದರೂ ಕಾಣದಿದ್ದರೆ ತೋರಿಸಿ. ಮುಂದಿನ ದವಡೆಹಲ್ಲಿಗೆ ತಲೆ ಒತ್ತಿಕೊಂಡು ವಾಲಿರಬಹುದು. ಅಪರೂಪಕ್ಕೆ ಇನ್ನೊಂದು ಬಗೆಯಿದೆ: ದಾರಿ ತೆರವಾಗಿದ್ದರೂ ಹಿಂದಿನ ಹಲ್ಲುಗಳು ಮೇಲೆ ಬರುವುದೇ ಇಲ್ಲ, ಒಂದೇ ಮನೆತನದಲ್ಲಿ ಹಲವರಿಗೆ ಕಾಣಿಸಿಕೊಳ್ಳುತ್ತದೆ. ಇಂಥ ಹಲ್ಲನ್ನು ಕ್ಲಿಪ್ ಹಾಕಿ ಎಳೆದರೆ ಅದು ಬರುವುದಿಲ್ಲ, ಆಸರೆ ಕೊಟ್ಟ ಒಳ್ಳೆಯ ಹಲ್ಲುಗಳೇ ಕುಸಿಯುತ್ತವೆ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂಬುದನ್ನು ಮೊದಲೇ ಹೇಳಿ.

ಬುದ್ಧಿಹಲ್ಲಿನ ವಿಷಯ ಚುಟುಕಾಗಿ ಹೇಳುತ್ತೇನೆ. ಹದಿನೇಳರ ನಂತರ ಬರುತ್ತದೆ, ಕೆಲವರಿಗೆ ಇರುವುದೇ ಇಲ್ಲ. ಅರ್ಧ ಬಂದ ಹಲ್ಲಿನ ಮೇಲಿನ ವಸಡಿನಡಿ ಕೊಳೆ ಸೇರಿ ನೋವಾದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ, ಮೆತ್ತನೆಯ ಬ್ರಷ್ಷಿನಿಂದ ಸ್ವಚ್ಛವಾಗಿಡಿ, ವೈದ್ಯರನ್ನು ಕಾಣಿ. ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ, ಮುಖ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಯವರೆಗೆ ಕಾಯುವಂತಿಲ್ಲ.

ದೇಹ ಹೇಳುವುದು

ಎಂಟು ದಾಟಿದರೂ ಒಂದು ಹಾಲುಹಲ್ಲೂ ಅಲುಗಾಡದಿದ್ದರೆ, ಜೊತೆಗೆ ಮಗುವಿನ ಎತ್ತರವೂ ನಿಧಾನವಾಗಿದ್ದರೆ, ಮಕ್ಕಳ ವೈದ್ಯರ ಬಳಿಗೂ ಹೋಗಿ. ಥೈರಾಯ್ಡ್ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ, ಡಿ ವಿಟಮಿನ್ ಕೊರತೆಯಿಂದ ಬರುವ ರಿಕೆಟ್ಸ್ ಹಲ್ಲುಗಳನ್ನು ತಡಮಾಡಿಸುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಹಲ್ಲು ತಡವಾಗಿ, ಸರದಿ ಬದಲಾಗಿ ಬರುವುದು ಸಾಮಾನ್ಯ. ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದರೆ, ಮೂಳೆ ಗಟ್ಟಿಗೊಳಿಸುವ ಔಷಧ ಕೊಡಿಸಿದ್ದರೆ ಅದನ್ನೂ ತಿಳಿಸಿ. ಪೆಟ್ಟಿಲ್ಲದೆ, ಹುಳುಕಿಲ್ಲದೆ, ನಾಲ್ಕು ವರ್ಷಕ್ಕೂ ಮೊದಲೇ ಹಾಲುಹಲ್ಲು ಬೇರು ಸಮೇತ ಉದುರಿದರೆ ಆ ಹಲ್ಲನ್ನು ಎಸೆಯದೆ ತನ್ನಿ. ಮೂಳೆಯ ಕಾಯಿಲೆಯ ಮೊದಲ ಸೂಚನೆ ಅದಾಗಿರಬಹುದು.

ಎಕ್ಸ್‌ರೇ ಎಂದರೆ ಹಿಂಜರಿಯುವವರಿಗೆ ಒಂದು ಮಾತು: ಇಡೀ ದವಡೆಯನ್ನು ತೋರಿಸುವ ಒಂದು ಒಪಿಜಿಯಿಂದ ಬರುವ ವಿಕಿರಣ, ಸುತ್ತಲಿನ ಪರಿಸರದಿಂದ ಕೆಲವೇ ದಿನಗಳಲ್ಲಿ ನಮಗೆ ಸಹಜವಾಗಿ ತಾಗುವಷ್ಟು. ಮೂರು ಆಯಾಮದ ಸ್ಕ್ಯಾನಿಗೆ ಅದಕ್ಕಿಂತ ಹೆಚ್ಚು, ಆದ್ದರಿಂದ ಅದನ್ನು ಎಲ್ಲರಿಗೂ ತೆಗೆಯುವುದಿಲ್ಲ.

ಚಿತ್ರ ಬಂದ ಮೇಲೆ ವೈದ್ಯರನ್ನು ಕೇಳಿ: ಹಲ್ಲು ಒಳಗೆ ಇದೆಯೇ? ದಾರಿಗೆ ಏನಾದರೂ ಅಡ್ಡವಿದೆಯೇ? ಸಾಲಿನಲ್ಲಿ ಜಾಗ ಇದೆಯೇ? ಬೇರು ಎಷ್ಟು ಬೆಳೆದಿದೆ? ಬೇರು ಮೂರರಲ್ಲಿ ಎರಡು ಪಾಲು ಬೆಳೆಯುವ ಹೊತ್ತಿಗೆ ಹಲ್ಲು ಸಾಮಾನ್ಯವಾಗಿ ವಸಡು ಸೀಳಿರುತ್ತದೆ; ಅರ್ಧ ಬೆಳೆದಿದ್ದರೆ ಕಾಯುವುದರಲ್ಲಿ ಅರ್ಥವಿದೆ, ಪೂರ್ತಿ ಬೆಳೆದೂ ಒಳಗೇ ಇದ್ದರೆ ತಾನಾಗಿ ಬರುವ ಆಸೆ ಕಡಿಮೆ. "ಕಾಯೋಣ" ಎಂದರೆ, ಯಾವ ತಾರೀಖಿನವರೆಗೆ ಎಂದು ಕೇಳಿ, ಅದನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.